ಎಣ್ಣೆ ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು

"ನಮ್ಮ ಮನೆಯ ಸ್ಪ್ಲೆಂಡರ್ ಬೈಕಿಗೆ 14 ವರ್ಷ. ಬೆಳಿಗ್ಗೆ ಗಾಡಿ ತೆಗೆದರೆ ಅಂಗಳದಲ್ಲಿ ರೂಪಾಯಿ ಅಗಲದ ಎಣ್ಣೆ ಕಲೆ. ಎಡಗಡೆ, ಗೇರ್ ಲಿವರ್ ಕೆಳಗೆ. ಎಣ್ಣೆ ಇಳಿಸುವ ಡ್ರೈನ್ ಬೋಲ್ಟನ್ನು, ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಬಿಗಿ ಮಾಡಿದೆ, ನಿಲ್ಲಲಿಲ್ಲ. ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಬೇಕು, 6,000 ರೂಪಾಯಿ ಆಗುತ್ತದೆ ಅಂದರು. ಅಪ್ಪ ಕೊಡಿಸಿದ ಗಾಡಿ, ಮಾರಲು ಮನಸ್ಸಿಲ್ಲ. ಮನೆಯಲ್ಲೇ ಏನಾದರೂ ಮಾಡಬಹುದೇ?"
— ತಿಪಟೂರಿನ ಓದುಗರೊಬ್ಬರು

ಸಂಪಾದಕರ ಉತ್ತರ:

ಖಂಡಿತ ಮಾಡಬಹುದು. ನೀವು ಬರೆದ ಲಕ್ಷಣ ನೋಡಿದರೆ ಇಂಜಿನ್ ಬಿಚ್ಚುವಷ್ಟು ದೊಡ್ಡ ತೊಂದರೆ ಅನ್ನಿಸುತ್ತಿಲ್ಲ. ಆದರೆ ಮೊದಲು ಆ ಪೈಪ್ ಪಕ್ಕಕ್ಕಿಡಿ. ಇಂಜಿನ್ ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕಿನದು. ಬಲ ಜಾಸ್ತಿಯಾದರೆ ಹಾಳಾಗುವುದು ಕೇಸಿನ ಥ್ರೆಡ್. ಹತ್ತಿಪ್ಪತ್ತು ರೂಪಾಯಿಯ ವಾಷರ್ ಕೆಲಸ ಆಗ ಲೇತ್ ಅಂಗಡಿಗೆ ಹೋಗುತ್ತದೆ. ಡ್ರೈನ್ ಬೋಲ್ಟ್ ಹತ್ತಿರ ಸೋರಿದರೆ ಹೊಸ ವಾಷರ್ ಹಾಕಬೇಕು. ಅದು ಒಮ್ಮೆ ಅಮುಕಿಕೊಂಡು ಕೂರುವ ಮೆತ್ತನೆಯ ಲೋಹ. ಎಣ್ಣೆ ಬದಲಿಸುವಾಗಲೆಲ್ಲ ಹೊಸದು ಹಾಕುವುದೇ ಒಳ್ಳೆಯದು.

ಎಣ್ಣೆ ಎಲ್ಲಿ ಬಿತ್ತೋ ಅಲ್ಲೇ ಸೋರುತ್ತಿದೆ ಅಂತ ನಂಬಬೇಡಿ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ನಿಂತಾಗ ಅದು ಕೇಸಿನ ಅಂಚು ಹಿಡಿದು ಇಳಿದು, ಎಲ್ಲಕ್ಕಿಂತ ತಗ್ಗಿನ ಬೋಲ್ಟಿನ ತುದಿಯಲ್ಲಿ ಹನಿಯಾಗುತ್ತದೆ. ಅದಕ್ಕೇ ಎಲ್ಲರ ಅನುಮಾನ ಡ್ರೈನ್ ಬೋಲ್ಟ್ ಮೇಲೆ!

ಹಾಗಾಗಿ ಮೊದಲ ಕೆಲಸ ತೊಳೆಯುವುದು. ಇಂಜಿನ್ ಪೂರ್ತಿ ತಣ್ಣಗಿರಲಿ. ಸ್ವಲ್ಪ ಡೀಸೆಲ್, ಹಳೆಯ ಬ್ರಷ್ ಸಾಕು; ಪೆಟ್ರೋಲ್ ಮಾತ್ರ ಬೇಡ, ಬೆಂಕಿಯ ಭಯ. ಹಳೆಯ ಜಿಡ್ಡೆಲ್ಲ ಹೋಗಲಿ, ಸೋಪಿನ ನೀರಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಚೆನ್ನಾಗಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ತೆಗೆದುಕೊಂಡು ಅನುಮಾನ ಇರುವ ಕಡೆಯೆಲ್ಲ ತೆಳ್ಳಗೆ ಉದುರಿಸಿ. ಬಯಲಿನಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ಹತ್ತು ನಿಮಿಷ ಇಂಜಿನ್ ಓಡಿಸಿ, ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರಿನ ಮೇಲೆ ಕಪ್ಪು ಗೆರೆ ಶುರುವಾಗುವ ತೀರ ಮೇಲಿನ ಜಾಗ ಹುಡುಕಿ. ಸೋರಿಕೆ ಇರುವುದು ಅಲ್ಲಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಬೆಳಿಗ್ಗೆ" ಮತ್ತು "ಎಡಗಡೆ" ಅನ್ನುವ ಎರಡು ಮಾತು. ರಾತ್ರಿ ಸುಮ್ನೆ ನಿಂತಾಗಲೂ ಹನಿ ಬೀಳುತ್ತಿದೆ ಅಂದರೆ, ಸೋರುವ ಜಾಗ ಒಳಗಿನ ಎಣ್ಣೆಯ ಮಟ್ಟಕ್ಕಿಂತ ಕೆಳಗಿರಬೇಕು. ನೀವು ಸೈಡ್ ಸ್ಟ್ಯಾಂಡ್ ಹಾಕುತ್ತೀರಿ ಅಲ್ವಾ? ಆಗ ಗಾಡಿ ಎಡಕ್ಕೆ ವಾಲುತ್ತದೆ, ಎಣ್ಣೆಯೂ ಎಡಕ್ಕೇ ಸೇರುತ್ತದೆ. ಗೇರ್ ಲಿವರ್ ಕೂರುವ ಶಾಫ್ಟಿನ ಸುತ್ತ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಇರುವುದೂ ಅದೇ ಕಡೆ. ಒಂದು ರಾತ್ರಿ ಸೈಡ್ ಸ್ಟ್ಯಾಂಡ್, ಮರುದಿನ ಡಬಲ್ ಸ್ಟ್ಯಾಂಡ್ ಹಾಕಿ, ಕೆಳಗೆ ರಟ್ಟು ಇಟ್ಟು ನೋಡಿ. ಎರಡನೇ ರಾತ್ರಿ ಕಲೆ ಕಡಿಮೆಯಾದರೆ ನನ್ನ ಅನುಮಾನ ಆ ಸೀಲಿನ ಮೇಲೇ. ಚೈನಿಗೆ ಹಾಕಿದ ಎಣ್ಣೆಯೂ ಅಲ್ಲೇ ಸಿಡಿದು ಮೋಸ ಮಾಡುತ್ತದೆ. ಆದ್ದರಿಂದ ಆ ಎರಡು ದಿನ ಚೈನಿಗೆ ಎಣ್ಣೆ ಹಾಕಬೇಡಿ.

ಸೀಲ್ ಬದಲಿಸುವುದನ್ನು ಎಣ್ಣೆ ಬದಲಿಸುವ ದಿನವೇ ಇಟ್ಟುಕೊಳ್ಳಿ. ಎಣ್ಣೆ ಇಳಿಸಿದ ಮೇಲೆ ಗೇರ್ ಲಿವರ್ ಎಲ್ಲಿ ಕೂತಿದೆ ಅಂತ ಗುರುತು ಹಾಕಿಕೊಳ್ಳಿ. ಅದರ ಬೋಲ್ಟ್ ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಹಳೆಯ ಸೀಲನ್ನು ಸಣ್ಣ ಸ್ಕ್ರೂಡ್ರೈವರಿನಿಂದ ನಿಧಾನಕ್ಕೆ ಮೀಟಿ. ಶಾಫ್ಟಿಗೆ ಗೀರು ಬೀಳಬಾರದು. ಬಿದ್ದರೆ ಹೊಸ ಸೀಲೂ ಸೋರುತ್ತದೆ. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಇಲ್ಲೇ ಹೆಚ್ಚಿನವರು ಎಡವುವುದು: ಶಾಫ್ಟಿನ ತುದಿಯಲ್ಲಿ ಹಲ್ಲುಗಳಿವೆ. ಹೊಸ ಸೀಲನ್ನು ಹಾಗೇ ತೂರಿಸಿದರೆ ಅದರ ರಬ್ಬರ್ ತುಟಿ ಕತ್ತರಿಸಿಹೋಗುತ್ತದೆ. ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹಲ್ಲುಗಳ ಮೇಲೆ ಸುತ್ತಿ, ತುಟಿಗೆ ಗ್ರೀಸ್ ಸವರಿ ತಳ್ಳಿ. ಆಮೇಲೆ ಸೀಲಿನಷ್ಟೇ ಅಗಲದ ಸಾಕೆಟ್ ಇಟ್ಟು, ಓರೆಯಾಗದಂತೆ ಮೆಲ್ಲಗೆ ತಟ್ಟಿ ಕೂರಿಸಿ.

ಕಪ್ಪು ಗೆರೆ ಮುಂದೆ ಹೆಡ್ (ಇಂಜಿನ್ನಿನ ಮುಂತುದಿ) ಹತ್ತಿರ ಶುರುವಾದರೆ, ಅಲ್ಲಿರುವ ದುಂಡನೆಯ ಟ್ಯಾಪೆಟ್ ಮುಚ್ಚಳದ ಓ ರಿಂಗ್, ಅಂದರೆ ರಬ್ಬರ್ ಉಂಗುರ, ನೋಡಿ. ಈ ಇಂಜಿನ್ ಮುಂದಕ್ಕೆ ಮಲಗಿದೆ, ಒಂದು ಮುಚ್ಚಳ ಮೇಲಿದ್ದರೆ ಇನ್ನೊಂದು ಕೆಳಗೆ. ಕೆಳಗಿನದು ಸೈಲೆನ್ಸರ್ ಕಡೆಯದು. ಬಿಸಿಗೆ ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿರುತ್ತದೆ, ಬದಲಿಸಿದರೆ ಸಾಕು. ಚೈನ್ ಸ್ಪ್ರಾಕೆಟ್ ಹಿಂದಿನ ಸೀಲ್ ಆದರೆ ಮೆಕ್ಯಾನಿಕ್‌ಗೇ ಕೊಡಿ, ಆದರೆ ಅದಕ್ಕೂ ಇಂಜಿನ್ ಬಿಚ್ಚಬೇಕಾಗಿಲ್ಲ. ಕೇಸಿನ ಎರಡು ಭಾಗ ಸೇರುವ ಜೋಡಣೆಯಲ್ಲೇ ಸೋರುತ್ತಿದ್ದರೆ ಮಾತ್ರ ಗ್ಯಾರೇಜಿನವರು ಹೇಳಿದ್ದು ಸರಿ.

ಸೋರಿಕೆ ನಿಲ್ಲಿಸುವ ದ್ರಾವಣ ಅಂತ ಮಾರುವುದನ್ನು ಇದಕ್ಕೆ ಸುರಿಯಬೇಡಿ. ಕ್ಲಚ್ ಪ್ಲೇಟುಗಳು ಮುಳುಗಿರುವುದು ಇದೇ ಎಣ್ಣೆಯಲ್ಲಿ. ಅವು ಜಾರಲು ಶುರುವಾದರೆ ಹೊಸ ತಲೆನೋವು. ಪ್ಯಾಕಿಂಗ್ (ಎರಡು ಭಾಗದ ನಡುವೆ ಇಡುವ ತೆಳು ಹಾಳೆ) ಅಂಚಿಗೆ ಸಿಲಿಕಾನ್ ಅಂಟು ಮೆತ್ತುವುದೂ ಬೇಡ, ಒಳಗೆ ಉದುರಿದ ಚೂರು ಎಣ್ಣೆಯ ಜಾಲರಿ ಕಟ್ಟುತ್ತದೆ.

ಎಣ್ಣೆಯ ದಪ್ಪದ ಗುರುತು 10ಡಬ್ಲ್ಯೂ30 (10W-30) ಇರಲಿ, ಡಬ್ಬಿಯ ಮೇಲೆ ಜಾಸೋ ಎಂಎ (JASO MA) ಅಂತಲೂ ಇರಲಿ; ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ಗೆ ಹೊಂದುತ್ತದೆ ಅನ್ನುವ ಗುರುತು ಅದು. ಇಳಿಸಿದ ಮೇಲೆ ಎಷ್ಟು ಹಿಡಿಯುತ್ತದೆ ಅಂತ ಗಾಡಿಯ ಪುಸ್ತಕದಲ್ಲಿ ನೋಡಿ ಅಷ್ಟೇ ಹಾಕಿ. "ಹಳೇ ಗಾಡಿ, ಇನ್ನೊಂದಿಷ್ಟು ಇರಲಿ" ಅಂತ ಜಾಸ್ತಿ ಹಾಕಬೇಡಿ. ಒಳಗಿನ ಒತ್ತಡ ಏರಿ ಚೆನ್ನಾಗಿರುವ ಸೀಲನ್ನೂ ತಳ್ಳುತ್ತದೆ. ಇಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಮಡಚಿದ್ದರೂ, ಕಟ್ಟಿಕೊಂಡಿದ್ದರೂ ಇದೇ ಆಗುತ್ತದೆ, ಅದನ್ನೂ ಒಮ್ಮೆ ನೋಡಿ. ಇಳಿಸಿದ ಎಣ್ಣೆಯನ್ನು ಚರಂಡಿಗೋ ತೆಂಗಿನ ಬುಡಕ್ಕೋ ಚೆಲ್ಲದೆ ಡಬ್ಬಿಯಲ್ಲಿ ಸರ್ವಿಸ್ ಸೆಂಟರ್‌ಗೆ ಕೊಡಿ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಹಿಂದಿನ ಟೈರಿನ ಮೇಲೆ ಎಣ್ಣೆ ಕಂಡರೆ ಅವತ್ತೇ ಗಾಡಿ ನಿಲ್ಲಿಸಿ, ಟೈರ್ ಸೋಪು ಹಾಕಿ ತೊಳೆದು, ಸೋರಿಕೆ ಸರಿಯಾಗುವವರೆಗೆ ಬಸ್ಸಿನಲ್ಲಿ ಓಡಾಡಿ. ರಟ್ಟಿನ ಮೇಲೆ ಎರಡು ರಾತ್ರಿ ಏನು ಕಂಡಿತು ಅಂತ ನಮಗೆ ಬರೆಯಿರಿ. ಪೌಡರ್ ಹಾಕಿದ ಮೇಲಿನ ಫೋಟೋ ಜೊತೆಗಿದ್ದರೆ ಇನ್ನೂ ಸರಿಯಾಗಿ ಹೇಳಬಹುದು.