ದಿನ ಶುರುವಾಗುವುದು ಸಂಜೆಗೆ

ಓದುಗರ ಪತ್ರ: ಸಂಪಾದಕರಿಗೆ ವಂದನೆಗಳು. ಮದುವೆಗೆ ಮುಂಚೆ ದಿನಾ ಸಂಜೆ ಒಂದು ಗಂಟೆ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದೆ. ಈಗ ಇಬ್ಬರು ಸಣ್ಣ ಮಕ್ಕಳು, ಹೊರಗಿನ ಕೆಲಸ, ಹಾಸಿಗೆ ಹಿಡಿದ ಅತ್ತೆ. ರಾತ್ರಿ ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿ ಹೊದಿಕೆ ಹೊದಿಸುವಾಗ ‘ಸಾಕಮ್ಮಾ, ಇನ್ನು ನೀನು ಮಲಗು’ ಅಂತಾರೆ. ಆಮೇಲೆ ಪಾತ್ರೆ ತೊಳೆಯಬೇಕು. ಅದೂ ಮುಗಿದು ಬೈಬಲ್ ತೆರೆದರೆ ಎರಡನೇ ವಚನಕ್ಕೆ ಕಣ್ಣು ಮುಚ್ಚುತ್ತದೆ. ಹೋದ ತಿಂಗಳು ಒಂದು ಪ್ರಸಂಗದಲ್ಲಿ, ಪ್ರಾರ್ಥನೆಯಲ್ಲಿ ನಿದ್ದೆ ಹೋಗುವವರು ಗೆತ್ಸೇಮನೆಯಲ್ಲಿ ಯೇಸುವನ್ನು ಒಂಟಿ ಬಿಟ್ಟ ಶಿಷ್ಯರ ಹಾಗೆ ಅಂದರು. ಅಂದಿನಿಂದ ನೆಮ್ಮದಿ ಇಲ್ಲ. ನಮ್ಮ ಯಜಮಾನರು ‘ಕೆಲಸವೇ ಪ್ರಾರ್ಥನೆ, ಬಿಡು’ ಅಂತಾರೆ. ಅದು ನಿಜವಾ, ನೆಪವಾ? ನಾನು ದೇವರಿಂದ ದೂರ ಹೋಗ್ತಾ ಇದ್ದೀನಾ?

ಸಂಪಾದಕರ ಉತ್ತರ:

ಸಹೋದರಿ, ನಿಮ್ಮ ಪತ್ರ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸೋಣ ಅಂತ ಎರಡು ಸಲ ಕೂತೆ. ಆಗಲಿಲ್ಲ. ಇಂಥ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ. ಕೈಬರಹ ಬೇರೆ ಬೇರೆ, ಒಳಗಿನ ನೋವು ಮಾತ್ರ ಒಂದೇ: ‘ನಾನು ಮಾಡುತ್ತಿರುವುದು ದೇವರಿಗೆ ಸಾಲುತ್ತಿಲ್ಲ.’ ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಗೆತ್ಸೇಮನೆಯ ವಿಷಯ, ಅಂದರೆ ಯೇಸು ಸೆರೆಯಾಗುವ ಮುಂಚೆ ರಾತ್ರಿ ಪ್ರಾರ್ಥನೆ ಮಾಡಿದ ತೋಟದ ವಿಷಯ. ಆ ಪ್ರಸಂಗ ಮಾಡಿದವರು ಮತ್ತಾಯ 26ನೇ ಅಧ್ಯಾಯವನ್ನು ಪೂರ್ತಿ ಓದಿ ಹೇಳಿದ್ದರೆ ಚೆನ್ನಾಗಿತ್ತು. ‘ಒಂದು ಗಂಟೆಯಾದರೂ ಎಚ್ಚರವಾಗಿರಲು ಆಗಲಿಲ್ಲವೇ’ ಅಂತ ಯೇಸು ಸ್ವಾಮಿ ಕೇಳಿದ್ದು ನಿಜ. ಆದರೆ ಅದರ ಬೆನ್ನಿಗೇ ಬರುವ ಮಾತು ಯಾವುದು? ಮನಸ್ಸು ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಅಂತ. ನಾಳೆ ಸಾಯಬೇಕಾದವರು, ನಿದ್ದೆ ಹೋದವರ ದಣಿವನ್ನು ಅರ್ಥ ಮಾಡಿಕೊಂಡು ಆಡಿದ ಮಾತು ಅದು. ಇದೇ ಘಟನೆಯನ್ನು ತನ್ನ ಸುವಾರ್ತೆಯಲ್ಲಿ ಬರೆದ ಲೂಕನಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಶಿಷ್ಯರು ದುಃಖದಿಂದ ನಿದ್ದೆ ಹೋಗಿದ್ದರು ಅಂತ ಬರೆಯುತ್ತಾನೆ. ಮೈಗಳ್ಳತನದಿಂದ ಅಂತ ಬರೆಯಲಿಲ್ಲ. ಅತ್ತು ಸುಸ್ತಾದ ಮಕ್ಕಳು ಹಾಗೇ ನಿದ್ದೆ ಹೋಗುವುದನ್ನು ನೀವು ನೋಡಿಲ್ಲವೇ?

ನೇಮದ ಪ್ರಾರ್ಥನೆ ಬೇಕು. ಬೇಡ ಅನ್ನಲಾರೆ. ಗೊತ್ತಾದ ಹೊತ್ತು, ಗೊತ್ತಾದ ಜಾಗ, ತೆರೆದ ಬೈಬಲ್ – ಇವು ಎಷ್ಟೋ ಜನರನ್ನು ಕಷ್ಟಕಾಲದಲ್ಲಿ ಹಿಡಿದು ನಿಲ್ಲಿಸಿವೆ. ಮಕ್ಕಳು ದೊಡ್ಡವರಾದ ಮೇಲೆ ನಿಮ್ಮ ಆ ಒಂದು ಗಂಟೆ ನಿಮಗೆ ಮತ್ತೆ ಸಿಗಲಿ ಅಂತ ನಾನೂ ಬೇಡುತ್ತೇನೆ. ಅಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ. ಯಾಕೆಂದರೆ ನಿಮಗೆ ಈಗ ಬೇಕಾಗಿರುವ ಮಾತು ಅದಲ್ಲ.

ಆದಿಕಾಂಡದ 1ನೇ ಅಧ್ಯಾಯವನ್ನು ಇವತ್ತು ಇನ್ನೊಮ್ಮೆ ಓದಿ. ಎರಡೇ ವಚನಕ್ಕೆ ನಿದ್ದೆ ಬಂದರೂ ಪರವಾಗಿಲ್ಲ, ನಾಳೆ ಮುಂದುವರಿಸಿ. ಅಲ್ಲಿ ದಿನಗಳನ್ನು ಎಣಿಸುವ ಕ್ರಮ ಗಮನಿಸಿ. ಸಂಜೆಯಾಯಿತು, ಬೆಳಗಾಯಿತು, ಮೊದಲನೆಯ ದಿನ. ಸಂಜೆಯಾಯಿತು, ಬೆಳಗಾಯಿತು, ಎರಡನೆಯ ದಿನ. ಸಂಜೆ ಮೊದಲು! ಯೆಹೂದ್ಯರು ಇವತ್ತಿಗೂ ಹಾಗೇ ಎಣಿಸುತ್ತಾರೆ. ಅವರ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುರುವಾಗುವುದು ಶುಕ್ರವಾರ ಸೂರ್ಯ ಮುಳುಗಿದಾಗ. ನಾವು ಅಂದುಕೊಂಡಿರುವುದು ಇದಕ್ಕೆ ಪೂರ್ತಿ ಉಲ್ಟಾ. ಬೆಳಗ್ಗೆ ಎದ್ದು ದುಡಿ, ಸಂಜೆಯ ತನಕ ಸಂಪಾದಿಸು, ಉಳಿದಿದ್ದರೆ ವಿಶ್ರಾಂತಿ. ಬೈಬಲಿನ ದಿನ ಶುರುವಾಗುವುದೇ ವಿಶ್ರಾಂತಿಯಿಂದ. ನಾವು ಮಲಗಿರುವಾಗ ದೇವರು ಕೆಲಸ ಶುರು ಮಾಡಿರುತ್ತಾರೆ. ಬೆಳಗ್ಗೆ ನಾವು ಎದ್ದು ಹೋಗಿ ಸೇರಿಕೊಳ್ಳುತ್ತೇವೆ, ಅಷ್ಟೇ. ಮನುಷ್ಯನನ್ನು ದೇವರು ಆರನೆಯ ದಿನ ಮಾಡಿದರು. ಹಾಗಾದರೆ ಅವನು ಕಣ್ಣು ಬಿಟ್ಟು ನೋಡಿದ ಮೊದಲ ಪೂರ್ತಿ ದಿನ ಯಾವುದು? ಏಳನೆಯದು. ಒಂದು ಕೆಲಸವನ್ನೂ ಮಾಡದವನಿಗೆ ಮೊದಲೇ ಸಿಕ್ಕ ರಜೆ. ಕೃಪೆ ಅನ್ನುವ ಪದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಗೊತ್ತಿಲ್ಲ.

ಮಾರ್ಕ 4ನೇ ಅಧ್ಯಾಯದಲ್ಲಿ ಒಂದು ಪುಟ್ಟ ಸಾಮ್ಯವಿದೆ. ಅದರ ಮೇಲೆ ಪ್ರಸಂಗ ಕೇಳಿದ್ದು ನೆನಪಿಲ್ಲ. ಒಬ್ಬ ರೈತ ಬೀಜ ಬಿತ್ತುತ್ತಾನೆ. ರಾತ್ರಿ ಮಲಗುತ್ತಾನೆ, ಬೆಳಗ್ಗೆ ಏಳುತ್ತಾನೆ. ಬೀಜ ಮೊಳೆಯುತ್ತದೆ, ಬೆಳೆಯುತ್ತದೆ. ಹೇಗೆ ಅನ್ನುವುದು ಅವನಿಗೇ ತಿಳಿಯದು. ದೇವರ ರಾಜ್ಯ ಹೀಗಿದೆ ಅಂತಾರೆ ಯೇಸು. ಅದೇ ಅಧ್ಯಾಯದ ಕೊನೆಯಲ್ಲಿ ಬಿರುಗಾಳಿಯ ನಡುವೆ ಅವರೇ ದೋಣಿಯ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ನಿದ್ದೆ ಹೋಗಿದ್ದಾರೆ. ಹೇಳಿದ್ದನ್ನು ಅದೇ ಸಂಜೆ ತಾವೇ ಮಾಡಿ ತೋರಿಸಿದರು.

ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ನಮ್ಮ ತಂದೆ. ಕೊನೆಯ ನಾಲ್ಕು ತಿಂಗಳು ಅವರೂ ಹಾಸಿಗೆಯಲ್ಲೇ ಇದ್ದರು. ರಾತ್ರಿ ಪಾಳಿ ನನ್ನದು. ಔಷಧಿ ಕೊಡಬೇಕು. ಒದ್ದೆ ಬಟ್ಟೆಯಲ್ಲಿ ಕಾಲು ಒರೆಸಬೇಕು. ಬೆನ್ನಿನ ಕೆಳಗಿನ ದುಪ್ಪಟಿಯ ಸುಕ್ಕು ತೆಗೆಯಬೇಕು. ಒಂದು ಸಣ್ಣ ಸುಕ್ಕು ಇದ್ದರೂ ಅವರಿಗೆ ಒತ್ತುತ್ತಿತ್ತು. ಹಾಗಾಗಿ ಅಂಗೈ ಚಪ್ಪಟೆ ಮಾಡಿ ಬೆನ್ನಿನ ಅಡಿಗೆ ತೂರಿಸಿ, ಹೆಗಲಿನಿಂದ ಸೊಂಟದವರೆಗೆ ನಿಧಾನವಾಗಿ ಎಳೆಯುತ್ತಿದ್ದೆ. ಲೋಟಕ್ಕೆ ನೀರು ಹಾಕಿ ಮುಚ್ಚಳ ಮುಚ್ಚಿ, ಬಾಗಿಲ ಚಿಲಕ ಹಾಕಿ, ದೀಪ ಆರಿಸಿದ ಮೇಲೆ ಅವರು ಕತ್ತಲಲ್ಲಿ 4ನೇ ಕೀರ್ತನೆಯ ಕೊನೆಯ ವಚನ ಶುರು ಮಾಡುತ್ತಿದ್ದರು. ನಿಶ್ಚಿಂತೆಯಿಂದ ಮಲಗಿ ನಿದ್ದೆ ಹೋಗುತ್ತೇನೆ ಅನ್ನುವ ಮೊದಲರ್ಧ ಅವರದು. ನನ್ನನ್ನು ಸುರಕ್ಷಿತವಾಗಿ ಕಾಯುವವನು ನೀನೊಬ್ಬನೇ ಅನ್ನುವ ಉಳಿದರ್ಧ ನನ್ನದು. ಒಂದು ರಾತ್ರಿ ಅವರು ತಮ್ಮ ಅರ್ಧ ಹೇಳಿ ಹಾಗೇ ನಿದ್ದೆ ಹೋದರು. ಎಚ್ಚರವಾಗಿಬಿಟ್ಟರೆ ಅಂತ ನಾನು ನನ್ನ ಅರ್ಧ ಹೇಳಲಿಲ್ಲ. ವಚನ ಅಲ್ಲಿಗೇ ನಿಂತಿತು. ಉಳಿದರ್ಧವನ್ನು ದೇವರು ಆಗಲೇ ನಡೆಸುತ್ತಿದ್ದರು, ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹಾಗಂತ ‘ಕೆಲಸವೇ ಪ್ರಾರ್ಥನೆ’ ಅನ್ನುವ ನಿಮ್ಮ ಯಜಮಾನರ ಮಾತಿಗೂ ನಾನು ಪೂರ್ತಿ ಒಪ್ಪುವುದಿಲ್ಲ. ಸಮಾಧಾನ ಹೇಳಬೇಕು ಅಂತ ಅವರು ಹಾಗೆ ಅಂದಿರಬಹುದು. ಆದರೆ ಆ ಮಾತು ನಿಮ್ಮ ಹೊರೆ ಇಳಿಸುವುದಿಲ್ಲ, ಇನ್ನೊಂದು ಹೊರೆ ಏರಿಸುತ್ತದೆ. ಪಾತ್ರೆ ತೊಳೆಯುವುದೇ ಪ್ರಾರ್ಥನೆಯಾದರೆ ಅದನ್ನೂ ಭಕ್ತಿಯಿಂದ ತೊಳೆಯಬೇಕು, ಅಲ್ವಾ? ಸಿಡುಕಿನಲ್ಲಿ ತೊಳೆದರೆ ಅದೂ ಪಾಪದ ಲೆಕ್ಕಕ್ಕೆ ಸೇರುತ್ತದೆ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಕಾರ್ಮೆಲೈಟ್ ಮಠದ ಅಡುಗೆಮನೆಯಲ್ಲಿದ್ದ ಬ್ರದರ್ ಲಾರೆನ್ಸ್ ಅವರ ಉದಾಹರಣೆಯನ್ನು ಇಂಥ ಕಡೆ ಎಲ್ಲರೂ ಕೊಡುತ್ತಾರೆ. ಪಾತ್ರೆಪಡಗದ ಸದ್ದಿನ ನಡುವೆಯೂ ಅವರು ದೇವರ ಜೊತೆ ಇದ್ದರು ಅಂತ. ನಿಜ. ಆದರೆ ಅಡುಗೆಮನೆ ಕೆಲಸ ಅವರಿಗೆ ಸ್ವಭಾವತಃ ಇಷ್ಟವೇ ಇರಲಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಇಷ್ಟವಿಲ್ಲದ ಕೆಲಸದ ನಡುವೆ ದೇವರೇ ಅವರ ಹತ್ತಿರ ಬಂದರು. ನಿಮ್ಮ ಸಿಂಕಿನ ಹತ್ತಿರವೂ ಬರುತ್ತಾರೆ. ನೀವು ಆ ಹೊತ್ತಿಗೆ ಏನನ್ನೂ ಪವಿತ್ರ ಮಾಡಬೇಕಾಗಿಲ್ಲ. ಸುಮ್ನೆ ಪಾತ್ರೆ ತೊಳೆಯಿರಿ. ಬಿಸಿ ನೀರು ಕೈಗೆ ಹಿತವಾಗಿದ್ದರೆ ಅದನ್ನು ಅನುಭವಿಸಿ.

ಯಜಮಾನರಿಗೆ ಇನ್ನೊಂದು ಮಾತು ಓದಿ ಹೇಳಿ. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತಮ್ಮ ಮಠದವರಿಗೆ ಒಂದು ನಿಯಮಾವಳಿ ಬರೆದರು. ಅದರಲ್ಲಿ, ಮಠದ ಪಾತ್ರೆ ಪರಿಕರಗಳನ್ನೆಲ್ಲ ಬಲಿಪೀಠದ ಪಾತ್ರೆಗಳ ಹಾಗೆ ನೋಡಿಕೊಳ್ಳಬೇಕು ಅಂತಿದೆ. ಈ ಸಾಲು ಎಲ್ಲರಿಗೂ ಇಷ್ಟ. ನನಗೆ ಇನ್ನೂ ಜಾಸ್ತಿ ಇಷ್ಟವಾಗುವುದು 35ನೇ ಅಧ್ಯಾಯ. ಅಡುಗೆಮನೆಯ ಸೇವೆಯನ್ನು ಎಲ್ಲರೂ ಸರದಿಯ ಮೇಲೆ ಮಾಡಬೇಕು. ಕಾಯಿಲೆಯವರಿಗೆ ಮತ್ತು ಬಹಳ ಮುಖ್ಯವಾದ ಕೆಲಸದಲ್ಲಿರುವವರಿಗೆ ಮಾತ್ರ ವಿನಾಯಿತಿ. ವಾರದ ಪಾಳಿ ಮುಗಿಸುವವನು ಒರೆಸುವ ಬಟ್ಟೆಗಳನ್ನು ಒಗೆದಿಟ್ಟು, ಪಾತ್ರೆಗಳನ್ನು ಶುಚಿಯಾಗಿ ಒಪ್ಪಿಸಬೇಕು. ಪಾತ್ರೆ ಅಷ್ಟು ಪವಿತ್ರವಾಗಿದ್ದರೆ, ಸಹೋದರಿ, ಆ ಸೇವೆಯ ಭಾಗ್ಯ ವಾರಕ್ಕೆ ಮೂರು ದಿನ ನಿಮ್ಮ ಯಜಮಾನರಿಗೂ ಸಿಗಬೇಕು. ನಾನಿದನ್ನು ತಮಾಷೆಗೆ ಹೇಳುತ್ತಿಲ್ಲ. ಧರ್ಮೋಪದೇಶಕಾಂಡ 5ನೇ ಅಧ್ಯಾಯದಲ್ಲಿ ಸಬ್ಬತ್ ಯಾಕೆ ಅಂತ ಹೇಳುವಾಗ, ನಿನ್ನ ದಾಸ ದಾಸಿಯರಿಗೂ ನಿನ್ನ ಹಾಗೆಯೇ ವಿಶ್ರಾಂತಿ ಸಿಗಬೇಕು ಅಂತ ದೇವರು ಹೇಳುತ್ತಾರೆ. ನೀನೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸನಾಗಿದ್ದೆ, ಮರೆಯಬೇಡ ಅಂತಲೂ ಹೇಳುತ್ತಾರೆ. ಒಬ್ಬರ ವಿಶ್ರಾಂತಿಗೆ ಇನ್ನೊಬ್ಬರು ರಾತ್ರಿ ಹತ್ತರ ತನಕ ನಿಂತಿರಬೇಕಾದರೆ ಅದು ಇನ್ನೂ ಐಗುಪ್ತವೇ.

ಈಗ ನನ್ನ ಹಳೆಯ ದೂರೊಂದನ್ನು ಹೇಳಿಬಿಡುತ್ತೇನೆ. ನಮ್ಮ ಸಭೆಗಳು ಸಂಜೆಯನ್ನು ಜನರಿಂದ ಕಿತ್ತುಕೊಂಡಿವೆ. ಸೋಮವಾರ ಸಮಿತಿ, ಬುಧವಾರ ಅಧ್ಯಯನ, ಶುಕ್ರವಾರ ಉಪವಾಸ ಪ್ರಾರ್ಥನೆ, ತಿಂಗಳಿಗೊಮ್ಮೆ ಇಡೀ ರಾತ್ರಿ ಪ್ರಾರ್ಥನೆ. ಒಂದೊಂದೂ ಒಳ್ಳೆಯದೇ. ಎಲ್ಲ ಸೇರಿದಾಗ ದಣಿದವರ ಮೇಲೆ ಬೀಳುತ್ತವೆ. ‘ಕಷ್ಟಪಡುವವರೇ, ಹೊರೆ ಹೊತ್ತವರೇ, ನನ್ನ ಬಳಿಗೆ ಬನ್ನಿ’ ಅಂತ ಗೋಡೆಯ ಮೇಲೆ ಬರೆದಿರುತ್ತೇವೆ. ಬಂದವರ ಕೈಗೆ ಜವಾಬ್ದಾರಿಯ ಪಟ್ಟಿ ಕೊಡುತ್ತೇವೆ. ಸಾಕ್ಷಿ ಹೇಳುವ ಹೊತ್ತು ಬಂದರೆ ದೊಡ್ಡ ದೊಡ್ಡ ಬಿಡುಗಡೆಯ ಕಥೆಗಳೇ ಬೇಕು. ‘ನಿನ್ನೆ ಮಗುವಿನ ಜೊತೆಯಲ್ಲೇ ನನಗೂ ನಿದ್ದೆ ಬಂತು, ದೇವರಿಗೆ ಸ್ತೋತ್ರ’ ಅಂತ ಒಬ್ಬ ತಾಯಿ ಎದ್ದು ನಿಂತು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಹೇಳುವಂಥ ವಿಷಯ ಅದು. 127ನೇ ಕೀರ್ತನೆ ಹೇಳುವುದು ಅದನ್ನೇ. ಬೇಗ ಏಳುವುದು, ತಡವಾಗಿ ಮಲಗುವುದು, ಕಷ್ಟಪಟ್ಟು ದುಡಿದು ಉಣ್ಣುವುದು, ಎಲ್ಲ ವ್ಯರ್ಥ. ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡುತ್ತಾರೆ.

ಇತ್ತೀಚೆಗೆ ಮೊಬೈಲ್ ಬೇರೆ ಸೇರಿಕೊಂಡಿದೆ. ಬೈಬಲ್ ಓದಿದ ದಿನಗಳನ್ನು ಅದು ಎಣಿಸುತ್ತದೆ. ನೂರು ದಿನ ಓದಿ ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಇದನ್ನು ನೋಡಿ ಅತ್ತವರ ಪತ್ರಗಳೂ ನಮ್ಮಲ್ಲಿವೆ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನದ ಲೆಕ್ಕ ಹಾಗಿರಲಿಲ್ಲ. ವಿಮೋಚನಕಾಂಡ 16 ಓದಿ. ನಾಳೆಗೆ ಅಂತ ಕೂಡಿಟ್ಟದ್ದು ಹುಳ ಬಿತ್ತು, ನಾತ ಹೊಡೆಯಿತು. ನಿನ್ನೆ ಎಷ್ಟು ಆರಿಸಿಕೊಂಡಿರಿ ಅಂತ ಯಾರೂ ಕೇಳಲಿಲ್ಲ. ಬೆಳಗ್ಗೆ ಹೊಸದಾಗಿ ನೆಲದ ಮೇಲೆ ಬಿದ್ದಿರುತ್ತಿತ್ತು.

ಹಿಂದಿನವರು ಸಂಜೆಯನ್ನು ಬೇರೆ ಥರ ನೋಡುತ್ತಿದ್ದರು. 4ನೇ ಶತಮಾನದಲ್ಲಿ ಕೈಸರೇಯದ ಬಿಷಪ್ ಆಗಿದ್ದ ಬೆಸಿಲ್, ದೀಪ ಹಚ್ಚುವ ಹೊತ್ತಿನ ಒಂದು ಹಾಡಿನ ಬಗ್ಗೆ ಬರೆದಿದ್ದಾರೆ. ಸಂಜೆ ಬೆಳಕು ಅನ್ನುವ ವರವನ್ನು ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳುವುದು ನಮ್ಮ ಹಿರಿಯರಿಗೆ ಸರಿ ಅನಿಸಲಿಲ್ಲ, ಅದಕ್ಕೇ ಸ್ತೋತ್ರ ಮಾಡುತ್ತಿದ್ದರು ಅಂತಾರೆ. ಆ ಮಾತುಗಳನ್ನು ಕಟ್ಟಿದವರು ಯಾರು ಅಂತ ಅವರ ಕಾಲಕ್ಕಾಗಲೇ ಗೊತ್ತಿರಲಿಲ್ಲ. ಯಾರೋ ಕತ್ತಲಾಯಿತು ಅಂತ ದೀಪ ಹಚ್ಚಿದರು, ಹಚ್ಚುವಾಗ ಬಾಯಿಗೆ ಬಂದದ್ದನ್ನು ಹಾಡಿದರು. ಪೂರ್ವದ ಸಭೆಗಳಲ್ಲಿ ಇವತ್ತಿಗೂ ಸಂಜೆಯ ಆರಾಧನೆಯಲ್ಲಿ ಅದನ್ನು ಹಾಡುತ್ತಾರೆ. ನೀವು ಸಂಜೆ ಸ್ವಿಚ್ ಒತ್ತಿದಾಗ ‘ಬೆಳಕಿಗೆ ಸ್ತೋತ್ರ’ ಅಂದರೂ ಅದೇ ಸಾಲಿನಲ್ಲಿ ನಿಂತ ಹಾಗೆ.

1529ರಲ್ಲಿ ಮಾರ್ಟಿನ್ ಲೂಥರ್ ಮನೆಮಂದಿಗಾಗಿ ಒಂದು ಪುಟ್ಟ ಪ್ರಶ್ನೋತ್ತರ ಪುಸ್ತಕ ಮಾಡಿದರು. ಅದರಲ್ಲಿ ಮಲಗುವ ಹೊತ್ತಿಗೆ ಹೇಳಬೇಕಾದದ್ದು ಇಷ್ಟೇ: ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಬೇಕಿದ್ದರೆ ಕೆಲವೇ ಸಾಲಿನ ಇನ್ನೊಂದು ಪ್ರಾರ್ಥನೆ. ಇವತ್ತು ಕಾಪಾಡಿದ್ದಕ್ಕೆ ಸ್ತೋತ್ರ, ತಪ್ಪು ಮಾಡಿದ್ದರೆ ಕ್ಷಮಿಸು, ನನ್ನನ್ನೂ ನನ್ನದೆಲ್ಲವನ್ನೂ ನಿನ್ನ ಕೈಗೆ ಒಪ್ಪಿಸುತ್ತೇನೆ. ಆಮೇಲೆ ಏನು ಮಾಡಬೇಕು ಅಂತಲೂ ಅವರೇ ಬರೆದಿದ್ದಾರೆ: ತಡಮಾಡದೆ ನೆಮ್ಮದಿಯಿಂದ ನಿದ್ದೆ ಮಾಡು. ಅಷ್ಟೊಂದು ಜಗಳ, ಅಷ್ಟೊಂದು ಓದು ಇದ್ದ ಮನುಷ್ಯ ರಾತ್ರಿಗೆ ಕೊಟ್ಟ ಸಲಹೆ ಇದು.

ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತು. ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ದೂತ ಕಾದಿದ್ದು ಎರಡನೇ ಸಲ ಬಂದ. ‘ಏಳು, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು’ ಅಂದ.

ನಿಮ್ಮನ್ನು ಸ್ವಲ್ಪ ಗದರಬೇಕು ಅನಿಸುತ್ತದೆ. ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ದಾರಿಯಲ್ಲಿ ಹಾಗೇ ಬಿಟ್ಟು ಹೋಗಿದ್ದೀರಿ. ಅತ್ತೆಗೆ ಹೊದಿಕೆ ಹೊದಿಸುವಾಗ ಅವರು ‘ಸಾಕಮ್ಮಾ, ಇನ್ನು ನೀನು ಮಲಗು’ ಅಂತಾರೆ ಅಂತ ಬರೆದಿರಿ. ಅದು ನಿಮಗೆ ಕೆಲಸಗಳ ಪಟ್ಟಿಯಲ್ಲಿ ಒಂದು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ನೀವು ದಿನಾ ರಾತ್ರಿ ದೇವರಿಂದ ಒಂದು ಮಾತು ಕೇಳಬೇಕು ಅಂತ ನಿದ್ದೆಗಣ್ಣಿನಲ್ಲಿ ಬೈಬಲ್ ತಿರುವುತ್ತೀರಿ. ಆ ಮಾತನ್ನು ಅರ್ಧ ಗಂಟೆ ಮುಂಚೆಯೇ ಪಕ್ಕದ ಕೋಣೆಯಲ್ಲಿ ನಿಮಗೆ ಹೇಳಿ ಆಗಿದೆ.

ಇವತ್ತು ರಾತ್ರಿ ಅವರು ಹಾಗೆ ಅಂದಾಗ ಅವಸರ ಮಾಡಬೇಡಿ. ಹೊದಿಕೆಯ ತುದಿ ಸರಿ ಮಾಡಿ, ಅಲ್ಲೇ ಒಂದು ನಿಮಿಷ ಕೂತುಕೊಳ್ಳಿ. ಅವರಿಗೆ 4ನೇ ಕೀರ್ತನೆ ಬಾಯಿಗೆ ಬರುತ್ತದೆಯಾ ಕೇಳಿ ನೋಡಿ. ಬಂದರೆ ಮೊದಲರ್ಧ ಅವರು ಹೇಳಲಿ. ಪಾತ್ರೆಯನ್ನು ಯಜಮಾನರಿಗೆ ಬಿಡಿ. ಹೇಗಾಯಿತು ಅಂತ ಬಿಡುವಾದಾಗ ಎರಡು ಸಾಲು ಬರೆಯಿರಿ.

– ಸಂಪಾದಕ