ಬ್ಲೇಡು, ಸ್ಕೇಲು, ಟೇಪು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಾರ್, ನನ್ನ ಮಗ ಇಂಜಿನಿಯರಿಂಗ್ ಎರಡನೇ ವರ್ಷ. ರಾತ್ರಿಯೆಲ್ಲ ಲ್ಯಾಪ್‌ಟಾಪಿನಲ್ಲಿ ಮ್ಯೂಸಿಕ್ ಮಾಡುತ್ತಾನೆ. ಮೊನ್ನೆ 'ಅಪ್ಪಾ, ಇದನ್ನೆಲ್ಲ ಶುರು ಮಾಡಿದವರದ್ದು ಕೇಳು' ಅಂತ ಅರವತ್ತು ವರ್ಷ ಹಳೆಯದೇನೋ ಹಾಕಿದ. ಬರೀ ಕುಂಯ್, ಸುಂಯ್. ಹಿಂದೆ ರೇಡಿಯೋದಲ್ಲಿ ಸ್ಟೇಷನ್ ಸಿಗದಿದ್ದಾಗ ಬರುತ್ತಿತ್ತಲ್ಲ, ಹಾಗೆ. ಸುಮ್ನೆ ತಲೆ ಆಡಿಸಿದೆ. ಇದರಲ್ಲಿ ಮೆಚ್ಚುವುದು ಏನನ್ನ? (ಶಿವಮೊಗ್ಗದ ಓದುಗರು)

ಉತ್ತರ: ರೇಡಿಯೋ ಅಂದಿರಲ್ಲ, ತಮಾಷೆಗೆ ಅಂದರೂ ಸರಿಯಾದ ಜಾಗಕ್ಕೇ ಬಂದಿದ್ದೀರಿ. ಈ ಎಲೆಕ್ಟ್ರಾನಿಕ್ ಸಂಗೀತದ ಬಹುಪಾಲು ಹುಟ್ಟಿದ್ದೇ ರೇಡಿಯೋ ಕೇಂದ್ರಗಳಲ್ಲಿ. ಪ್ಯಾರಿಸ್ ರೇಡಿಯೋದ ಇಂಜಿನಿಯರ್ ಪಿಯೆರ್ ಶೆಫರ್ 1948ರಲ್ಲಿ ರೈಲಿನ ಸದ್ದು ರೆಕಾರ್ಡ್ ಮಾಡಿಕೊಂಡು, ಅದನ್ನೇ ಜೋಡಿಸಿ ಒಂದು ಕೃತಿ ಮಾಡಿದರು. ಆಮೇಲೆ ಜರ್ಮನಿಯ ಕಲೋನ್, ಇಟಲಿಯ ಮಿಲಾನ್, ಜಪಾನಿನ ಟೋಕಿಯೋ, ಎಲ್ಲ ಕಡೆ ರೇಡಿಯೋ ಕೇಂದ್ರದೊಳಗೇ ಇಂಥ ಸ್ಟುಡಿಯೋ. ಕಾರಣ ಸರಳ. ಆಗ ಟೇಪ್ ರೆಕಾರ್ಡರು, ಉಪಕರಣ ಪರೀಕ್ಷೆ ಮಾಡೋಕೆ ಇಟ್ಟುಕೊಳ್ಳುತ್ತಿದ್ದ, ಒಂದೇ ಸಮನೆ ಸದ್ದು ಹೊರಡಿಸುವ ಆಸಿಲೇಟರು, ಇವೆಲ್ಲ ಸಾಲಾಗಿ ಸಿಗುತ್ತಿದ್ದದ್ದು ಅಲ್ಲೇ. ಯಾರ ಮನೆಯಲ್ಲಿ ಇರುತ್ತಿತ್ತು ಹೇಳಿ?

ನಿಮ್ಮ ಮಗ ಹಾಕಿದ್ದು ಯಾವುದೋ ಗೊತ್ತಿಲ್ಲ. ನಾನಾದರೆ ನಿಮಗೆ ಡೀಲಿಯಾ ಡರ್ಬಿಷೈರ್ ಅವರನ್ನು ಪರಿಚಯ ಮಾಡಿಸುತ್ತಿದ್ದೆ. 1937ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಹುಟ್ಟಿದವರು. ಯುದ್ಧದಲ್ಲಿ ಆ ಊರಿನ ಮೇಲೆ ಬಾಂಬು ಬಿದ್ದಾಗ ಈಕೆ ಪುಟ್ಟ ಹುಡುಗಿ. ವಿಮಾನ ಬಂತು ಅಂತ ಊಳಿಡುತ್ತಿದ್ದ ಸೈರನ್, ಅಪಾಯ ಕಳೆಯಿತು ಅಂತ ಬರುತ್ತಿದ್ದ ಸೈರನ್, ತಾನು ಮೊದಲು ಕಿವಿಗೊಟ್ಟು ಕೇಳಿದ ಎಲೆಕ್ಟ್ರಾನಿಕ್ ಸಂಗೀತ ಅದೇ ಅಂತ ಆಮೇಲೆ ಹೇಳಿಕೊಂಡಿದ್ದಾರೆ. ಕೇಂಬ್ರಿಡ್ಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದರು. ಒಂದು ದೊಡ್ಡ ರೆಕಾರ್ಡ್ ಕಂಪನಿಗೆ ಕೆಲಸ ಕೇಳಿಕೊಂಡು ಹೋದರೆ, ರೆಕಾರ್ಡಿಂಗ್ ಸ್ಟುಡಿಯೋಗೆ ಹೆಂಗಸರನ್ನು ತಗೊಳ್ಳಲ್ಲ ಅಂದುಬಿಟ್ಟರು. ಕೊನೆಗೆ 1962ರಲ್ಲಿ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್ ಸೇರಿದರು. ನಾಟಕಗಳಿಗೆ ವಿಚಿತ್ರ ಸದ್ದು ಮಾಡಿಕೊಡುವ ವಿಭಾಗ ಅದು. 1958ರಲ್ಲಿ ಅದನ್ನು ಶುರು ಮಾಡಿಸಿದವರಲ್ಲಿ ಒಬ್ಬರಾದ ಡಾಫ್ನಿ ಓರಮ್ ಕೂಡ ಹೆಂಗಸೇ, ಆದರೆ ಅವರು ಮರುವರ್ಷವೇ ಬಿಟ್ಟು ಹೋದರು. ಆಮೇಲೆ ಫಿಲ್ಮಿನ ಪಟ್ಟಿಯ ಮೇಲೆ ಗೆರೆ ಎಳೆದರೆ ಸದ್ದು ಬರುವಂಥ ಯಂತ್ರ ಕಟ್ಟಿದರು. ಅವರದ್ದೇ ಇನ್ನೊಂದು ದೊಡ್ಡ ಕತೆ, ಇರಲಿ.

1963ರಲ್ಲಿ 'ಡಾಕ್ಟರ್ ಹೂ' ಅನ್ನೋ ಟಿವಿ ಸರಣಿಗೆ ಶೀರ್ಷಿಕೆ ಸಂಗೀತ ಬೇಕಿತ್ತು. ಸಂಗೀತ ಸಂಯೋಜಕ ರಾನ್ ಗ್ರೇನರ್ ಒಂದು ಹಾಳೆಯಲ್ಲಿ ಸ್ವರ ಬರೆದು, ಇಲ್ಲಿ ಗಾಳಿ, ಇಲ್ಲಿ ಮೋಡ ಅಂತ ಗುರುತು ಹಾಕಿ ಕೊಟ್ಟರು. ಅದನ್ನು ಸದ್ದು ಮಾಡುವುದು ಡೀಲಿಯಾ ಕೆಲಸ, ಜೊತೆಗೆ ಸಹಾಯಕ ಡಿಕ್ ಮಿಲ್ಸ್. ಅವರ ಹತ್ತಿರ ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ವಾದ್ಯ, ಇರಲಿಲ್ಲ. ಮೇಲಿನ ಧಾಟಿಗೆ ಆಸಿಲೇಟರು ಬಳಸಿ, ಕೆಳಗಿನ ಸ್ವರಗಳಿಗೆ ಒಂದು ತಂತಿ ಮೀಟಿ ರೆಕಾರ್ಡ್ ಮಾಡಿದರು. ಆ ಟೇಪನ್ನು ಜೋರಾಗಿ ಓಡಿಸಿದರೆ ಸ್ವರ ಏರುತ್ತೆ, ನಿಧಾನ ಮಾಡಿದರೆ ಇಳಿಯುತ್ತೆ. ಹೀಗೆ ಬೇಕಾದ ಒಂದೊಂದು ಸ್ವರವನ್ನೂ ಬೇರೆ ಬೇರೆ ಟೇಪಿಗೆ ಇಳಿಸಿಕೊಂಡು, ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ ಸಾಲು ಮಾಡಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಸ್ಟುಡಿಯೋ ಮಷಿನ್ನುಗಳಲ್ಲಿ ಟೇಪು ಓಡುತ್ತಿದ್ದದ್ದು ಸೆಕೆಂಡಿಗೆ 15 ಇಂಚು. ಅಂದರೆ ಒಂದು ಸೆಕೆಂಡಿನ ಸ್ವರಕ್ಕೆ 15 ಇಂಚು ಟೇಪು, ಅರ್ಧಕ್ಕೆ ಏಳೂವರೆ, ಕಾಲು ಸೆಕೆಂಡಿಗೆ ಮೂರೂಮುಕ್ಕಾಲು. ತಾಳವನ್ನು ಸ್ಕೇಲಿನಲ್ಲಿ ಅಳೆಯೋದು! ದರ್ಜಿ ಬಟ್ಟೆ ಅಳೆದ ಹಾಗೆ. ಹಲವು ಟ್ರ್ಯಾಕ್ ಒಟ್ಟಿಗೆ ಇಡುವ ಮಷಿನ್ನೂ ಇಲ್ಲದ್ದರಿಂದ ಬೇರೆ ಬೇರೆ ರೀಲುಗಳನ್ನು ಒಂದೇ ಕ್ಷಣಕ್ಕೆ ಚಾಲೂ ಮಾಡಿ ಬೆರೆಸಬೇಕು. ಎಲ್ಲ ಮುಗಿದ ಮೇಲೆ ಎಲ್ಲೋ ಒಂದು ಕಡೆ ತಪ್ಪಿದೆ ಅಂತ ಕೇಳಿಸಿತಂತೆ. ಸರಿ, ಟೇಪುಗಳನ್ನೆಲ್ಲ ಸ್ಟುಡಿಯೋದ ಉದ್ದ ಕಾರಿಡಾರಿನಲ್ಲಿ ಬಿಚ್ಚಿ ಪಕ್ಕಪಕ್ಕ ಹಾಸಿ, ಅಂಟಿಸಿದ ಜಾಗ ಯಾವುದು ಹೊಂದುತ್ತಿಲ್ಲ ಅಂತ ಕಣ್ಣಲ್ಲೇ ಹುಡುಕಿದರು.

ನಾನು ಹೈಸ್ಕೂಲಿನಲ್ಲಿದ್ದಾಗ ಟೇಪ್ ರೆಕಾರ್ಡರು ಕ್ಯಾಸೆಟ್ ನುಂಗಿ ಹಾಕಿತ್ತು. ಸುಕ್ಕಾದ ಭಾಗ ಕತ್ತರಿಸಿ ಸೆಲ್ಲೋಟೇಪ್ ಅಂಟಿಸಿ, ಪೆನ್ಸಿಲ್ ತೂರಿಸಿ ಸುತ್ತಿದೆ. ಎರಡು ಇಂಚು ಹೋಗಿದ್ದಕ್ಕೆ ಪಲ್ಲವಿಯ ಒಂದು ಪದವೇ ಮಾಯ! ಆಮೇಲೆ ಆ ಹಾಡು ಎಲ್ಲಿ ಕೇಳಿದರೂ ಆ ಜಾಗದಲ್ಲಿ ನನ್ನ ಕಿವಿ ಎಡವುತ್ತೆ. ಒಂದು ಜೋಡಣೆ ನನ್ನಿಂದ ನೆಟ್ಟಗೆ ಆಗಲಿಲ್ಲ, ಆ ಹೆಣ್ಣುಮಗಳು ಸ್ವರಕ್ಕೊಂದು ಮಾಡಿದ್ದಾರೆ.

ಗ್ರೇನರ್ ಬಂದು ಕೇಳಿ, ಇದನ್ನು ನಾನೇ ಬರೆದೆನಾ ಅಂದರಂತೆ. 'ಹೆಚ್ಚುಕಮ್ಮಿ ನೀವೇ' ಅಂದರಂತೆ ಡೀಲಿಯಾ. ರಾಯಧನದಲ್ಲಿ ಅರ್ಧ ಆಕೆಗೂ ಸಲ್ಲಲಿ ಅಂತ ಗ್ರೇನರ್ ಕೇಳಿದರೂ ಬಿಬಿಸಿ ನಿಯಮ ಬಿಡಲಿಲ್ಲ. ತೆರೆಯ ಮೇಲೆ ಆಕೆಯ ಹೆಸರು ಬಂದದ್ದು 2013ರಲ್ಲಿ, ಸರಣಿಗೆ ಐವತ್ತು ತುಂಬಿದಾಗ. ಆಕೆ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಆಕೆ ಹೋದ ಮೇಲೆ ಆಕೆಯ ಮನೆಯ ಅಟ್ಟದಲ್ಲಿ 267 ಟೇಪು ಸಿಕ್ಕವು.

ಪ್ರಶ್ನೆ: ನಾನು ಪಿಟೀಲು ಕಲಿಯುತ್ತಿದ್ದೇನೆ. ಯಂತ್ರದ ಸಂಗೀತದಲ್ಲಿ ಗಮಕ, ಕೈಚಳಕ ಅನ್ನೋದೇ ಇರಲ್ಲ ಅಲ್ವಾ? (ಮೈಸೂರಿನ ಓದುಗರು)

ಉತ್ತರ: ಪಿಟೀಲಿನವರಾದ್ದರಿಂದ ನಿಮಗೆ ಕ್ಲಾರಾ ರಾಕ್‌ಮೋರ್ ಇಷ್ಟವಾಗಬಹುದು. ಅವರೂ ಪಿಟೀಲಿನವರೇ. ಕೈ ನೋವಿನಿಂದ ಅದನ್ನು ಬಿಡಬೇಕಾಯಿತು, ಆಗ ಹಿಡಿದದ್ದು ಥೆರಮಿನ್. 'ಹಿಡಿದದ್ದು' ಅನ್ನೋದೂ ತಪ್ಪೇ, ಏಕೆಂದರೆ ಅದನ್ನು ಮುಟ್ಟುವುದೇ ಇಲ್ಲ! ರಷ್ಯಾದ ಲೆವ್ ತೆರ್ಮೆನ್ 1920ರ ಸುಮಾರಿಗೆ ಮಾಡಿದ ವಾದ್ಯ ಅದು. ಒಂದು ಪೆಟ್ಟಿಗೆ, ನೆಟ್ಟಗೆ ನಿಂತ ಒಂದು ಆಂಟೆನಾ, ಪಕ್ಕಕ್ಕೆ ಬಳೆಯಂತೆ ಬಾಗಿದ ಇನ್ನೊಂದು. ಬಲಗೈ ನೆಟ್ಟಗಿನ ಆಂಟೆನಾ ಹತ್ತಿರ ಹೋದಷ್ಟೂ ಸ್ವರ ಏರುತ್ತೆ. ಎಡಗೈ ಬಳೆಯ ಹತ್ತಿರ ಬಂದರೆ ಸದ್ದು ಕಮ್ಮಿ. ವೀಣೆಯಲ್ಲಿ ಮೆಟ್ಟಿಲಾದರೂ ಇದೆ, ಪಿಟೀಲಿನಲ್ಲಿ ಬೆರಳ ಕೆಳಗೆ ತಂತಿಯಾದರೂ ಸಿಗುತ್ತೆ. ಇಲ್ಲಿ ಬರೀ ಗಾಳಿ. ಸ್ವರಸ್ಥಾನ ಪೂರ್ತಿ ಕಿವಿಯಲ್ಲೇ ಹುಡುಕಬೇಕು. ಜಾರು ತಾನಾಗೇ ಬರುತ್ತೆ, ಬೇಡದ ಜಾಗದಲ್ಲಿ ಜಾರದಂತೆ ತಡೆಯೋದೇ ಸಾಧನೆ. ಅವರ 1977ರ ಧ್ವನಿಮುದ್ರಿಕೆ ಕೇಳಿ, ಆಮೇಲೆ ಕೈಚಳಕದ ಮಾತು ಆಡೋಣ.

ಅಂದ ಹಾಗೆ, ಅಭ್ಯಾಸಕ್ಕೆ ಕೂತಾಗ ನಿಮ್ಮ ಪಕ್ಕ ಕರೆಂಟಿನ ಶ್ರುತಿ ಪೆಟ್ಟಿಗೆ ಇರುತ್ತಲ್ಲ? 1970ರ ದಶಕದ ಕೊನೆಯಲ್ಲಿ ಅದಕ್ಕೆ ದಾರಿ ಮಾಡಿದವರಲ್ಲಿ ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ್ ಒಬ್ಬರು. ಇಂಜಿನಿಯರು, ಕೊಳಲೂ ನುಡಿಸುವವರು. ಎಲೆಕ್ಟ್ರಾನಿಕ್ ಸಂಗೀತ ಬೇಡ ಅನ್ನುವವರ ಮನೆಯಲ್ಲೂ ಬೆಳಿಗ್ಗೆ ಐದಕ್ಕೆ ಅದೇ ಮೊರೆಯುತ್ತಿರುತ್ತೆ.

ಪ್ರಶ್ನೆ: ಎಲ್ಲ ವಿದೇಶದವರೇ ಆದರಲ್ಲ. ನಮ್ಮಲ್ಲಿ ಯಾರೂ ಇರಲಿಲ್ಲವಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಇದ್ದರು, ನಾವು ಮರೆತಿದ್ದೆವು ಅಷ್ಟೆ. ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಜೋಡಿಸಿಕೊಟ್ಟರು. ಇದರ ಹಿಂದೆ ಇದ್ದವರು ಗೀತಾ ಸಾರಾಭಾಯಿ, ಪಖಾವಜ್ ನುಡಿಸುತ್ತಿದ್ದವರು. ಅವರು, ಅತುಲ್ ದೇಸಾಯಿ, ಜಿನ್‌ರಾಜ್ ಜೋಶಿಪುರ ಮುಂತಾದವರು 1972ರವರೆಗೆ ಅಲ್ಲಿ ಕೆಲಸ ಮಾಡಿದರು. ಆ ಟೇಪುಗಳು ಕಪಾಟು ಸೇರಿದ್ದವು. ಪಾಲ್ ಪುರ್ಗಸ್ ಅನ್ನುವ ಕಲಾವಿದರು ಅವನ್ನು ಹುಡುಕಿ ತೆಗೆದರು, 2023ರಲ್ಲಿ ಅವು ಹೊರಗೆ ಬಂದವು.

ಇನ್ನೊಬ್ಬರು ಮುಂಬೈನ ಚರಣ್‌ಜಿತ್ ಸಿಂಗ್, ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದವರು. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ತಂದರು. ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಅವರು ಬಳಸಿದ್ದ ರೋಲ್ಯಾಂಡ್ ಟಿಬಿ-303 ಅನ್ನೋ, ಮಂದ್ರ ಸ್ವರ ಹೊರಡಿಸುವ ಪೆಟ್ಟಿಗೆಯಿಂದಲೇ ಕೆಲವು ವರ್ಷದ ನಂತರ ಶಿಕಾಗೋ ಹುಡುಗರು 'ಆ್ಯಸಿಡ್ ಹೌಸ್' ಅನ್ನೋ ಹೊಸ ಬಗೆಯ ಕುಣಿತದ ಸಂಗೀತವನ್ನೇ ಹುಟ್ಟುಹಾಕಿದರು. 2010ರಲ್ಲಿ ಆ ಹಳೆ ರೆಕಾರ್ಡ್ ಮತ್ತೆ ಬಿಡುಗಡೆಯಾದಾಗ, ಅರೆ, ಇದು ಆಗಲೇ ಇತ್ತಲ್ಲ ಅಂತ ಎಲ್ಲರೂ ಬೆರಗಾದರು. ಹಾಗಂತ ಆ್ಯಸಿಡ್ ಹೌಸ್ ಕಂಡುಹಿಡಿದದ್ದೇ ನಮ್ಮವರು ಅಂತ ಎದೆ ತಟ್ಟಿಕೊಳ್ಳಬೇಡಿ. ಶಿಕಾಗೋದವರು ಅದನ್ನು ಕೇಳಿ ಕಲಿತವರಲ್ಲ. ಭೈರವ್ ರಾಗ ಮಾತ್ರ ಆ ಪೆಟ್ಟಿಗೆಯಲ್ಲಿ ಸೊಗಸಾಗಿದೆ.

ಪ್ರಶ್ನೆ: ಎಲ್ಲಾ ಕೇಳೋಕೆ ಟೈಮಿಲ್ಲ. ಒಂದೇ ಒಂದು ಹೇಳಿ. (ಬೆಂಗಳೂರಿನ ಓದುಗರು)

ಉತ್ತರ: 'ಡಾಕ್ಟರ್ ಹೂ' ಶೀರ್ಷಿಕೆ ಸಂಗೀತ, ಡೀಲಿಯಾ ಅವರ 1963ರದ್ದೇ ಆಗಬೇಕು. 1980ರಲ್ಲಿ ಸಿಂಥಸೈಜರಿನಲ್ಲಿ ಹೊಸದಾಗಿ ಮಾಡಿದ್ದಾರೆ, ಅದನ್ನು ಹಾಕಿಕೊಂಡು ನನ್ನನ್ನು ಬೈಯಬೇಡಿ. ಮೂರು ನಿಮಿಷವೂ ಇಲ್ಲ. ಫೋನಿನ ಸ್ಪೀಕರಿನಲ್ಲಿ ಬೇಡ, ಕೆಳಗಿನ ಆ ತಂತಿಯ ಸದ್ದೇ ಹೋಗಿಬಿಡುತ್ತೆ. ಇಯರ್‌ಫೋನ್ ಹಾಕಿಕೊಳ್ಳಿ.