ಬೀಗರು ನೋಡಿದ್ರ ಏನಂತಾರ

ಪತ್ರಿಕೆ ಬಿಟ್ಟು ನೆರವು ಸಂಸ್ಥೆಗಳ ಕಡೆ ಹೊರಟವರು ಈಚೆಗೆ ನನ್ನ ಬಳಿ ಸಮಾಲೋಚನೆಗೆ ಜಾಸ್ತಿ ಬರುತ್ತಿದ್ದಾರೆ. ನಲವತ್ತು ದಾಟಿದವರು. ಎಡಿಷನ್ ಮುಚ್ಚಿತು ಅಂತಲೋ, ರಾತ್ರಿ ಪಾಳಿ ಸಾಕಾಯಿತು ಅಂತಲೋ ಕೆಲಸ ಬಿಟ್ಟವರು. ಎಲ್ಲರದ್ದೂ ಒಂದೇ ಮಾತು: "ಇನ್ಮೇಲೆ ಸ್ವಲ್ಪ ಸೇವೆ ಮಾಡೋಣ ಅಂತ, ಮೇಡಂ." ಇದನ್ನು ಕೇಳಿದರೆ ನನಗೆ ಕಿರಿಕಿರಿ. ಯಾಕೆ ಅಂತ ಹೇಳಲು ಒಬ್ಬರ ವಿಷಯ ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ. ಅವರು ಓದಿ ಒಪ್ಪಿದ್ದಾರೆ.

ರಘು ಅಂತ ಕರೆಯೋಣ. ವಯಸ್ಸು 44. 18 ವರ್ಷ ವರದಿಗಾರ, ಅದರಲ್ಲಿ ಹೆಚ್ಚಿನದು ಬೆಳಗಾವಿ, ಬಾಗಲಕೋಟೆ ಕಡೆ. ಈಗ ಬೆಂಗಳೂರಲ್ಲಿ ಬಾಡಿಗೆ ಮನೆ, ಪಿಯುಸಿ ಓದುವ ಮಗಳು. ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಎರಡನೇ ಸಲ ಬರುವಾಗ ಒಂದು ಅರ್ಜಿ ತಂದರು. ವಿಪತ್ತಿನಲ್ಲಿ ನೆರವು ಕೊಡುವ ದೊಡ್ಡ ಸಂಸ್ಥೆಯೊಂದಕ್ಕೆ ಹಿರಿಯ ಮಾಧ್ಯಮ ಸಂಪರ್ಕ ಅಧಿಕಾರಿ ಬೇಕಾಗಿತ್ತು. ಒಂದೂವರೆ ಪುಟದ ಪತ್ರದಲ್ಲಿ 'ಸೇವೆ' ಏಳು ಕಡೆ ಇತ್ತು. ಎಣಿಸಿ ತೋರಿಸಿದೆ. ಅವರಿಗೆ ಹಿಡಿಸಲಿಲ್ಲ.

ಸಂಸ್ಥೆಯ ಪ್ರಕಟಣೆಯಲ್ಲಿ ಆ ಪದ ಒಂದು ಕಡೆಯೂ ಇರಲಿಲ್ಲ. ದಿನದ 24 ಗಂಟೆ ಫೋನ್ ಎತ್ತಬೇಕು. ಆರೋಪ ಬಂದರೆ ಹೋಲ್ಡಿಂಗ್ ಸ್ಟೇಟ್‌ಮೆಂಟ್ ಬರೆಯಬೇಕು, ಅಂದರೆ ಪೂರ್ತಿ ವಿಷಯ ಗೊತ್ತಾಗುವ ತನಕ ಕೊಡುವ ನಾಲ್ಕು ಸಾಲು. ಕ್ಯಾಮೆರಾ ಮುಂದೆ ಹೇಗೆ ಮಾತಾಡಬೇಕು ಅಂತ ಡಾಕ್ಟರುಗಳಿಗೆ, ಫೀಲ್ಡ್ ಸಿಬ್ಬಂದಿಗೆ ಕಲಿಸಬೇಕು. ಶಿಬಿರದಲ್ಲಿರುವ ಜನರ ಫೋಟೋ, ಮಾತು ಹೊರಗೆ ಹೋಗುವಾಗ ಅವರ ಒಪ್ಪಿಗೆ ಇದೆಯಾ ಅಂತ ನೋಡಬೇಕು. ಸೇವೆ ಮಾಡುವವರು ಬೇರೆ ಇರುತ್ತಾರೆ. ಇದು ಮಾತಿಗೆ ಹೊಣೆ ಹೊರುವ ಕೆಲಸ.

ಆವತ್ತು ಸುಮ್ನೆ ಒಂದು ಅಣಕು ಸಂದರ್ಶನ ಮಾಡಿದೆವು. "ರಾತ್ರಿ ಎಂಟೂವರೆ. ಟಿವಿಯವರು ಫೋನ್ ಮಾಡಿದ್ದಾರೆ. ನಿಮ್ಮ ಸ್ವಯಂಸೇವಕನೊಬ್ಬ ತನ್ನ ಜಾತಿಯವರಿಗೆ ಮಾತ್ರ ಕಿಟ್ ಹಂಚಿದ್ದಾನಂತೆ. ಒಂಬತ್ತಕ್ಕೆ ಸುದ್ದಿ ಹೋಗುತ್ತೆ. ಏನು ಹೇಳ್ತೀರಿ?"

ರಘು ಮುಂದಕ್ಕೆ ಬಾಗಿ ಕೇಳಿದರು: "ಯಾವ ಊರು? ಆ ಸ್ವಯಂಸೇವಕನ ಹೆಸರೇನು?"

ಇಬ್ಬರೂ ನಕ್ಕೆವು. ಆಸಾಮಿ ಇನ್ನೂ ವರದಿ ಮಾಡುತ್ತಲೇ ಇದ್ದರು. ನಿಜ ಹೇಳಬೇಕೆಂದರೆ, "ಇದು ಸುಳ್ಳು ಆರೋಪ" ಅಂತ ಶುರು ಮಾಡುವವರಿಗಿಂತ ಇದು ಎಷ್ಟೋ ವಾಸಿ. ಒಂಬತ್ತು ಗಂಟೆಗೆ ಒಂದು ಉತ್ತರ ಅಂತೂ ಬೇಕಲ್ಲ. "ನನಗಿನ್ನೂ ಗೊತ್ತಿಲ್ಲ, ವಿಚಾರಿಸ್ತಿದ್ದೀವಿ, ನಾಳೆ ಹತ್ತು ಗಂಟೆಗೆ ನಾನೇ ಫೋನ್ ಮಾಡ್ತೀನಿ" ಅಂತ ಹೇಳಿಸಿದೆ. ಗಂಟಲಲ್ಲಿ ಮುಳ್ಳು ಸಿಕ್ಕಿದವರ ಹಾಗೆ ಹೇಳಿದರು.

ಆಮೇಲೆ ತಾವು ಮಾಡಿದ ಕೆಲಸದ ಫೈಲ್ ತೆಗೆದರು. ಮೊದಲ ಪುಟದಲ್ಲೇ ಒಂದು ಫೋಟೋ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿದ್ದವಲ್ಲ, ಆಗ ಮಲಪ್ರಭಾ ದಂಡೆಯ ಊರೊಂದರ ಗಂಜಿ ಕೇಂದ್ರದಲ್ಲಿ ಮೊಬೈಲಿನಲ್ಲಿ ತೆಗೆದದ್ದು. ಸಾಲಿನಲ್ಲಿ ನಿಂತ ಒಬ್ಬ ಅಜ್ಜಿ. ಕೈಯಲ್ಲಿ ಸ್ಟೀಲ್ ತಟ್ಟೆ, ಸೆರಗು ಬಾಯಿಗೆ, ಕಣ್ಣಲ್ಲಿ ನೀರು. ಅದು ಮುಖಪುಟಕ್ಕೆ ಹೋಗಿತ್ತು. ಸಣ್ಣದೊಂದು ಪ್ರಶಸ್ತಿಯೂ ಬಂದಿತ್ತು.

"ಇವರ ಹೆಸರೇನು?" ಅಂದೆ. ಗೊತ್ತಿರಲಿಲ್ಲ. "ಏನಾದರೂ ಹೇಳಿದ್ರಾ?"

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಅಜ್ಜಿಯ ಮಾತಿನ ಧಾಟಿಯಲ್ಲೇ ಹೇಳಿದರು. "ಫೋಟೋ ತಗೀಬ್ಯಾಡೋ ತಮ್ಮಾ, ಬೀಗರು ನೋಡಿದ್ರ ಏನಂತಾರ."

ಆರು ಎಕರೆ ಕಬ್ಬಿನ ಮನೆಯವರಂತೆ. ಮೊಮ್ಮಗಳ ಮದುವೆ ಗೊತ್ತಾಗಿತ್ತಂತೆ. ಅಜ್ಜಿಯ ಅಳುವಿಗೆ ಹೊಳೆಯಷ್ಟೇ ಕಾರಣವಲ್ಲ. ತಟ್ಟೆ ಹಿಡಿದು ನಿಲ್ಲಬೇಕಾಗಿ ಬಂತಲ್ಲ ಅನ್ನುವ ನಾಚಿಕೆಯೂ ಇತ್ತು. ರಘು ಅದನ್ನು ಕೇಳಿಸಿಕೊಂಡೂ ಫೋಟೋ ತೆಗೆದಿದ್ದರು, ಕಳಿಸಿದ್ದರು. ಕೆಳಗಿನ ಸಾಲು 'ನಿರಾಶ್ರಿತೆಯ ಕಣ್ಣೀರು'. ಆ ಸಾಲನ್ನೂ ಇವರೇ ಬರೆದದ್ದು.

"ಆ ಫೋಟೋ ನೋಡಿ ಜನ ದುಡ್ಡು ಕಳಿಸಿದ್ರು ಮೇಡಂ" ಅಂದರು. ಕಳಿಸಿರಬಹುದು. ಅಜ್ಜಿ ಬೇಡ ಅಂದದ್ದಂತೂ ಅಳಿಸಿಹೋಗುವುದಿಲ್ಲ, ಅಲ್ವಾ?

ಇದು ನನ್ನೊಬ್ಬಳ ಮಡಿವಂತಿಕೆ ಅಲ್ಲ. ರೆಡ್‌ಕ್ರಾಸ್ ಮತ್ತು ಇತರ ನೆರವು ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯಲ್ಲಿ ಹತ್ತು ಅಂಶಗಳಿವೆ. ಹತ್ತನೆಯದು ಪೂರ್ತಿ ಪ್ರಚಾರದ ಬಗ್ಗೆಯೇ. ಸಂತ್ರಸ್ತರನ್ನು ದಿಕ್ಕಿಲ್ಲದ ವಸ್ತುಗಳ ಹಾಗಲ್ಲ, ಮಾನವಿರುವ ಮನುಷ್ಯರ ಹಾಗೆ ತೋರಿಸಬೇಕು ಅನ್ನುತ್ತದೆ. ನೆರವಿನ ಲೋಕಕ್ಕೆ ಪತ್ರಕರ್ತರೇನೂ ಹೊಸಬರಲ್ಲ. 1971ರಲ್ಲಿ ಪ್ಯಾರಿಸ್‌ನಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಕಟ್ಟಿದವರಲ್ಲಿ ಡಾಕ್ಟರುಗಳ ಜೊತೆ ಪತ್ರಕರ್ತರೂ ಇದ್ದರು. ಹಾಗಾಗಿ ಸಂದರ್ಶಕರು ರಘು ಅವರ 18 ವರ್ಷವನ್ನು ಕಡೆಗಣಿಸುವುದಿಲ್ಲ. ಆದರೆ ಆ ಮೊದಲ ಪುಟ ನೋಡಿ ಕೇಳದೆ ಬಿಡುವುದೂ ಇಲ್ಲ.

ನನ್ನ ಸಲಹೆ ಹೀಗಿತ್ತು. ಫೋಟೋವನ್ನು ಫೈಲಿನಿಂದ ತೆಗೆಯಿರಿ. ನಡೆದದ್ದನ್ನು ಪತ್ರದಲ್ಲಿ ನಾಲ್ಕು ಸಾಲಿನಲ್ಲಿ ಬರೆಯಿರಿ. ಬೇಡ ಅಂದರೂ ತೆಗೆದೆ, ಇವತ್ತಾದರೆ ಏನು ಮಾಡುತ್ತಿದ್ದೆ, ಅಷ್ಟೇ. ಅಳು ಬೇಡ, ಊರಿನ ಹೆಸರು ಬೇಡ.

ಸಂಸ್ಥೆಯೊಂದರಲ್ಲಿ ನೇಮಕಾತಿ ನೋಡುವ ನನ್ನ ಗೆಳತಿ ಇದನ್ನು ಕೇಳಿ ಬೈದಳು. "ಅದು ಅರ್ಜಿ ಕಣೇ, ತಪ್ಪೊಪ್ಪಿಗೆ ಅಲ್ಲ. ಯಾರಾದ್ರೂ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೋತಾರಾ?" ಲೆಕ್ಕಪತ್ರದ ಕೆಲಸಕ್ಕಾಗಿದ್ದರೆ ನಾನೂ ಹೀಗೆ ಹೇಳುತ್ತಿರಲಿಲ್ಲ. ಇಲ್ಲಿ ಯಾರ ಮುಖ ಹೊರಗೆ ಹೋಗಬೇಕು, ಯಾರದ್ದು ಬೇಡ ಅಂತ ತೀರ್ಮಾನಿಸುವುದೇ ಕೆಲಸ. ಅದರಲ್ಲಿ ಒಮ್ಮೆ ಎಡವಿ, ಎಡವಿದ್ದು ಗೊತ್ತಿರುವವರು ನನಗೆ ಸಿಕ್ಕರೆ ನಾನಂತೂ ಆರಿಸಿಕೊಳ್ಳುತ್ತೇನೆ. ಇನ್ನೊಂದನ್ನೂ ಹೇಳಿಬಿಡಬೇಕು. ನನ್ನ ತಲೆಯಲ್ಲಿ ಅವರ ನಿದ್ದೆಯೂ ಇತ್ತು. ಕೆಲಸದ ಸಲಹೆ ಯಾವುದು, ನಿದ್ದೆಯ ಸಲಹೆ ಯಾವುದು ಅಂತ ನಾನು ಬೇರೆ ಮಾಡಿ ಹೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ರಘು ಅಲ್ಲಿಗೇ ನಿಲ್ಲಲಿಲ್ಲ. ಆ ಊರಿಗೆ ಹೋಗಿ ಅಜ್ಜಿಯನ್ನು ಹುಡುಕಿ ಕ್ಷಮೆ ಕೇಳುತ್ತೇನೆ ಅಂದರು. ಬೇಡ ಅಂದೆ. ಅಜ್ಜಿ ಆ ಪೇಪರ್ ನೋಡದೇ ಇರಬಹುದು. ಮದುವೆ ಚೆನ್ನಾಗಿ ನಡೆದಿರಬಹುದು. ಇಷ್ಟು ವರ್ಷದ ಮೇಲೆ ಕಟ್ಟೆಗೆ ಹೋಗಿ, ಫೋಟೋ ತೋರಿಸಿ, "ಈ ಅಜ್ಜಿ ಯಾರು" ಅಂತ ಊರವರನ್ನು ಕೇಳುವುದು ಅದೇ ತಪ್ಪನ್ನು ಎರಡನೇ ಸಲ ಮಾಡಿದ ಹಾಗೆ. ಹಗುರಾಗುವುದು ಇವರ ಮನಸ್ಸು, ಭಾರ ಅಜ್ಜಿಯ ತಲೆಗೆ. ಇದಕ್ಕೆ ಅವರು ಬೇಗ ಒಪ್ಪಲಿಲ್ಲ. ಮೂರು ಭೇಟಿ ಬೇಕಾಯಿತು.

ನಡುವೆ ಸಂಬಳದ ವಿಷಯವನ್ನೂ ಮಾತಾಡಿದೆವು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಸಂಸ್ಥೆಗಳು ವಿದೇಶಿ ದೇಣಿಗೆಯಲ್ಲಿ ಶೇ 20ಕ್ಕಿಂತ ಜಾಸ್ತಿ ಆಡಳಿತಕ್ಕೆ ಖರ್ಚು ಮಾಡುವ ಹಾಗಿಲ್ಲ. ಮೊದಲು ಶೇ 50 ಇತ್ತು. ಕೈ ಬಿಗಿಯಿದೆ. ಹಾಗಂತ ಸಂಬಳ ಕೇಳಲು ನಾಚಿಕೊಳ್ಳಬೇಡಿ, ಹೇಳಿಕೆಗೆ ಕೊನೆಯ ಒಪ್ಪಿಗೆ ಯಾರದು ಅಂತಲೂ ಸೇರುವ ಮುಂಚೆಯೇ ಕೇಳಿಕೊಳ್ಳಿ ಅಂದೆ. 'ಸೇವೆ' ಅಂತ ಬರೆದವರು ಇವೆರಡನ್ನೂ ಕೇಳುವುದೇ ಇಲ್ಲ. ನನ್ನ ಕಿರಿಕಿರಿ ಇದೇ.

ಲಿಖಿತ ಪರೀಕ್ಷೆ ಆಯಿತು, ಕೊನೆಯ ಸುತ್ತಿನ ತನಕ ಹೋದರು. ಕೆಲಸ ಸಿಗಲಿಲ್ಲ. ಕಾರಣ ಯಾರೂ ಹೇಳಲಿಲ್ಲ. "ಆ ನಾಲ್ಕು ಸಾಲಿಂದಲೇ ಹೋಯ್ತಾ ಮೇಡಂ?" ಅಂತ ಕೇಳಿದರು. ಇರಬಹುದು ಅಂದೆ. ಒಂದು ತಿಂಗಳು ಫೋನ್ ಮಾಡಲಿಲ್ಲ.

ಆಮೇಲೆ ಮತ್ತೆ ಬಂದರು. ಬೇರೆ ಸಂಸ್ಥೆ, ಇನ್ನೂ ಸಣ್ಣ ಹುದ್ದೆ, ರಾಜ್ಯದೊಳಗಿನ ಕೆಲಸ. ಹೊಸ ಪತ್ರ ಮುಕ್ಕಾಲು ಪುಟ. ನಾಲ್ಕು ಸಾಲು ಹಾಗೇ ಇವೆ. ನಾನು ಇಡಿ ಅಂದಿರಲಿಲ್ಲ. 'ಸೇವೆ' ಒಂದೇ ಕಡೆ ಇತ್ತು, '18 ವರ್ಷಗಳ ಸೇವೆ' ಅಂತ. ಅದನ್ನು ಹೊಡೆದು 'ಕೆಲಸ' ಅಂತ ಬರೆದುಕೊಟ್ಟೆ.